ರಸಮಟ್ಟಕ್ಕೆ ಸಿಗದ ನೆಲ

ಯಲಹಂಕದ ಹಳೇ ಊರಿನ ಓಣಿಯಲ್ಲಿ ಈಗ ರಂಗೋಲಿಗಿಂತ ಮೊದಲು ಕಣ್ಣಿಗೆ ಬೀಳುವುದು ಎಂ-ಸ್ಯಾಂಡ್ ರಾಶಿ. ಅದನ್ನು ಬಳಸಿಕೊಂಡು, ಸಾದಹಳ್ಳಿ ಕಲ್ಲಿನ ಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ ಒಳಗೆ ಹೋದರೆ ನಡುಮನೆ. ಅರ್ಧ ನೆಲ ಹಳೆಯ ಕೆಂಪು ಕಾವಿ, ಮೈತುಂಬ ಉಳಿಯ ಕಚ್ಚು. ಇನ್ನರ್ಧ ಗುಜರಾತಿನ ಮೊರ್ಬಿಯಿಂದ ಬಂದ 2 ಅಡಿ ಚದರದ ಟೈಲ್ಸು, ಮುಖ ನೋಡಿಕೊಳ್ಳುವಷ್ಟು ಹೊಳಪು.

ಆ ಹೊಳಪೇ ಚಾಡಿ ಹೇಳುತ್ತಿದೆ. ಬಾಗಿಲಿನಿಂದ ಬಿಸಿಲು ಓರೆಯಾಗಿ ಬಿದ್ದಾಗ ಎರಡು ಟೈಲ್ಸು ಕೂಡುವಲ್ಲೆಲ್ಲ ಸಣ್ಣ ನೆರಳಿನ ಗೆರೆ. ಒಂದರ ಅಂಚು ಇನ್ನೊಂದಕ್ಕಿಂತ ನಾಣ್ಯದ ದಪ್ಪ ಮೇಲೆ. ಬರಿಗಾಲಿನ ಅಜ್ಜಿಗೆ ಬಿಸಿಲೂ ಬೇಡ. ಅವರ ಹೆಬ್ಬೆರಳಿಗೆ ಆಗಲೇ ಲೆಕ್ಕ ಸಿಕ್ಕಿದೆ.

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಕರಣೆಯ ಹಿಡಿಯಿಂದ ತಟ್ಟುತ್ತಾ ಹೋಗುತ್ತಾರೆ. ಟಕ್, ಟಕ್, ಡಬ್. ಡಬ್ ಎಂದಲ್ಲಿ ಅಡಿಗೆ ಗಾರೆ ಕೂತಿಲ್ಲ, ಟೊಳ್ಳು. ಆಮೇಲೆ ಇಬ್ಬರು ಹುಡುಗರು ನೀರು ತುಂಬಿದ ಲೆವೆಲ್ ಪೈಪಿನ ಒಂದೊಂದು ತುದಿ ಹಿಡಿದು ಗೋಡೆಗೆ ಪೆನ್ಸಿಲ್ ಗುರುತು ಹಾಕುತ್ತಾರೆ. ಅಡುಗೆಮನೆಯಿಂದ ತಲೆಬಾಗಿಲಿಗೆ ಬರುವಷ್ಟರಲ್ಲಿ ನೆಲ ಒಂದೂವರೆ ಇಂಚು ಇಳಿದಿದೆ.

ಅದು ಹಳಬರ ಅಜಾಗರೂಕತೆಯಲ್ಲ. ಕೊಡದಲ್ಲಿ ನೀರು ಸುರಿದು ಮನೆ ತೊಳೆಯುತ್ತಿದ್ದ ಕಾಲ; ಹೊಸಿಲ ಮಗ್ಗುಲ ತೂತಿನತ್ತ ಬೇಕೆಂದೇ ವಾಟ ಕೊಟ್ಟಿದ್ದರು. ಹಸಿಯಾಗಿ ಬಳಿದು, ಕೈಯಿಂದ ಉಜ್ಜಿ ನಯ ಮಾಡುವ ಕಾವಿ ಎತ್ತ ಬೇಕಾದರೂ ಬಾಗುತ್ತದೆ. ಟೈಲ್ಸು ಬಾಗುವುದಿಲ್ಲ. ವಾಟ ತಿರುಗುವ ಕಡೆ ಅದರ ಒಂದು ಮೂಲೆ ಏಳಲೇಬೇಕು. ಗೋಡೆಗಳೂ ಮೂಲೆಮಟ್ಟಕ್ಕಿಲ್ಲ, ಆದರೆ ಅದನ್ನು ಸ್ಕರ್ಟಿಂಗ್ ಮುಚ್ಚಿಹಾಕುತ್ತದೆ.

"ಬಾಗಿಲ ಕಡೆ ಎತ್ತರಿಸಿ ಪೂರ್ತಿ ಮಟ್ಟ ಮಾಡಿಬಿಡಿ" ಎನ್ನುತ್ತಾನೆ ಮಗ.

"ಹಂಗ್ ಮಾಡಿದ್ರೆ ಬಾಗಿಲು ಕೆಳಗೆ ಕುಯ್ಬೇಕು ಸಾರ್. ಹೊಸಿಲೂ ಮುಳುಗೋಗುತ್ತೆ."

"ಹೊಸಿಲು ಮುಳುಗಿದ್ರೆ ಅರಿಶಿನ ಎಲ್ಲಿಗಪ್ಪಾ ಹಚ್ಚಲಿ?" ಒಳಗಿನಿಂದ ಅಜ್ಜಿಯ ದನಿ.

"ಮಟ್ಟ ಬೇಡಮ್ಮ, ಸಮ ಇದ್ರೆ ಸಾಕು. ವಾಟ ಇರ್ಲಿ, ಒಂದೇ ಕಡೆಗೆ ಇರ್ಲಿ. ದಾರ ಕಟ್ಟಿ ಮತ್ತೆ ಕೂರಿಸ್ತೀನಿ."

ಈ ಮಾತು ಹೋದ ವಾರವೇ ಬರಬೇಕಿತ್ತು. ಕಾಲಿಗೆ ಇಳಿಜಾರು ಗೊತ್ತಾಗುವುದಿಲ್ಲ, ಅಂಚು ಗೊತ್ತಾಗುತ್ತದೆ. ನನ್ನನ್ನು ಕೇಳಿದ್ದರೆ ಇಂಥ ನೆಲಕ್ಕೆ ಹೊಳಪಿಲ್ಲದ, 1 ಅಡಿಯ ಸಣ್ಣ ಟೈಲ್ಸೇ ಸರಿ ಎನ್ನುತ್ತಿದ್ದೆ. ಅಂಗಡಿಯಲ್ಲಿ ಅದನ್ನು ಯಾರೂ ಮುಂದಿಟ್ಟು ತೋರಿಸುವುದಿಲ್ಲ.

ಉಳಿ ಕೆಲಸಕ್ಕಿಳಿಯಿತು. ಡಬ್ ಎಂದವು ಇಡಿಯಾಗಿ ಎದ್ದು ಬಂದವು. ಟಕ್ ಎಂದು ಗಟ್ಟಿಯಾಗಿ ಕೂತಿದ್ದವೇ ಚೂರಾದವು. ಒಡೆದವಕ್ಕೆ ಅದೇ ಶೇಡಿನ ಟೈಲ್ಸು ತರಬೇಕು, ಬ್ಯಾಚು ಬದಲಾದರೆ ಬಿಳಿಯಲ್ಲೂ ಹತ್ತು ಬಿಳಿ. ಶೇಡ್ ನಂಬರು ಇರುವುದು ರಟ್ಟಿನ ಡಬ್ಬದ ಮೇಲೆ.

"ಡಬ್ಬ ಎಲ್ಲಮ್ಮಾ?" ಎಂದರು ಮೇಸ್ತ್ರಿ. ಅಜ್ಜಿ ಅವನ್ನೆಲ್ಲ ನಿನ್ನೆಯೇ ಗುಜರಿಯವನ ತಕ್ಕಡಿಗೆ ಹಾಕಿಯಾಗಿತ್ತು.