ಆನ್ರಿ ಶೊಪಾಂ: ಟೇಪಿನ ಮೇಲಿನ ಕಾವ್ಯ ಮತ್ತು ಸೂಚಕದ ರೇಖೀಯತೆ

ಸೂಚಕವು ಶ್ರಾವ್ಯವಾದುದರಿಂದ ಅದು ಕಾಲದಲ್ಲಿ ಒಂದರ ಹಿಂದೊಂದಾಗಿಯೇ ಹರಡಿಕೊಳ್ಳಬೇಕು ಎಂಬುದು 1916ರಲ್ಲಿ ಅಚ್ಚಾದ ಸೊಸ್ಯೂರ್‌ನ ಉಪನ್ಯಾಸಗಳಲ್ಲಿ ಯಾದೃಚ್ಛಿಕತೆಯ ಬೆನ್ನಿಗೇ ಬರುವ ಎರಡನೆಯ ತತ್ತ್ವ. ಧ್ವನಿಮಾದ ಲಕ್ಷಣಗಳು ಏಕಕಾಲಿಕವೆಂದು ತೋರಿಸಿ ಯಾಕೋಬ್ಸನ್ ಇದನ್ನು ಆಕ್ಷೇಪಿಸಿದ್ದುಂಟು. ಆದರೆ ಆ ಆಕ್ಷೇಪ ಧ್ವನಿಮಾದ ಒಳಗಿನದು. ಧ್ವನಿಮಾಗಳ ಸಾಲು ಕಿವಿಯ ಸ್ವಭಾವದಿಂದ ಬಂದದ್ದೇ, ನಾಲಗೆ ಒಂದೇ ಇರುವುದರಿಂದ ಬಂದದ್ದೇ ಎಂಬ ಪ್ರಶ್ನೆ ಉಳಿದೇ ಇದೆ.

ಫ್ರೆಂಚ್ ಕವಿ ಆನ್ರಿ ಶೊಪಾಂ (1922–2008) ಈ ಪ್ರಶ್ನೆಗೆ ಪ್ರಯೋಗಸಾಮಗ್ರಿಯನ್ನು ಒದಗಿಸುತ್ತಾನೆ. ಅವನ ಕೃತಿಗಳನ್ನು ಇಲ್ಲಿ ‘ಸದ್ದಿನ ಕಾವ್ಯ’ ಎಂದಿದ್ದೇನೆ. ‘ಧ್ವನಿಕಾವ್ಯ’ವೆಂದರೆ ಆನಂದವರ್ಧನ ನೆನಪಾಗುತ್ತಾನೆ, ‘ಶಬ್ದ’ಕ್ಕೆ ಪದವೆಂಬ ಅರ್ಥವೂ ಇದೆ, ಶೊಪಾಂ ದೂರವಿಟ್ಟದ್ದು ಅದನ್ನೇ. 1950ರ ದಶಕದಲ್ಲಿ ಟೇಪ್ ರೆಕಾರ್ಡರ್ ಕೈಗೆ ಬಂದ ಮೇಲೆ ಅವನು ಮೈಕನ್ನು ತುಟಿಗೆ, ಗಂಟಲಿಗೆ ಒತ್ತಿ, ಬಾಯೊಳಗೂ ಇಟ್ಟು ಉಸಿರು, ಜೊಲ್ಲು, ನಾಲಗೆಯ ಚಲನೆಗಳನ್ನು ದಾಖಲಿಸಿದ. ವೇಗವನ್ನು ಬದಲಿಸಿದ: ಟೇಪು ಅರ್ಧ ವೇಗದಲ್ಲಿ ಓಡಿದಾಗ ಸ್ಥಾಯಿಯ ಜೊತೆಗೆ ಫಾರ್ಮಂಟುಗಳೂ ಅರ್ಧಕ್ಕಿಳಿಯುತ್ತವೆ, ಸ್ವರದ ಗುರುತೇ ಕದಲುತ್ತದೆ, ಸ್ಪರ್ಶಧ್ವನಿಯ ಸ್ಫೋಟ ಎರಡು ಪಟ್ಟು ಉದ್ದವಾಗುತ್ತದೆ.

ನಮಗೆ ಹೆಚ್ಚು ಮುಖ್ಯವಾದುದು ಬೆಂಕಿಕಡ್ಡಿ. ಹಳೆಯ ದಾಖಲೆಯನ್ನು ಅಳಿಸುವ ಹೆಡ್ಡಿಗೆ ಟೇಪು ತಾಗದಂತೆ ಅವನು ಕಡ್ಡಿ ಸಿಕ್ಕಿಸುತ್ತಿದ್ದ. ಆಗ ಹೊಸ ಉಚ್ಚಾರಣೆ ಹಳೆಯದರ ಮೇಲೆಯೇ ಕೂರುತ್ತದೆ. ಒಂದೇ ಬಾಯಿ ಏಕಕಾಲಕ್ಕೆ ಹಲವು ಉಚ್ಚಾರಣೆಗಳನ್ನು ಹೊರಡಿಸುತ್ತದೆ. ನಾಲಗೆಯ ಮಿತಿ ಹೀಗೆ ಕಳಚಿತು.

ಕಿವಿ ಇದನ್ನು ತಿರಸ್ಕರಿಸುವುದಿಲ್ಲ. ಎರಡು ಪದರಗಳಿದ್ದರೆ ಗಮನವು ಒಂದನ್ನು ಹಿಡಿದು ಹಿಂಬಾಲಿಸಬಲ್ಲದು. ಪದರಗಳು ಹೆಚ್ಚಿದಂತೆ ಧ್ವನಿಮಾಗಳು ಕರಗಿ ಬರಿಯ ಮೊರೆತ ಉಳಿಯುತ್ತದೆ. ಏಕಕಾಲಿಕ ಶ್ರವಣ ಸಾಧ್ಯವಿದ್ದೂ ಪದ ಉಳಿಯದು. ‘ತಲೆ’ ಮತ್ತು ‘ಲತೆ’ಗಳನ್ನು ಬೇರ್ಪಡಿಸುವುದು ವ್ಯಂಜನಗಳ ಸರದಿ ಮಾತ್ರ, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಆ ಭೇದ ಅಳಿಯುತ್ತದೆ. ಆದ್ದರಿಂದ ರೇಖೀಯತೆಯ ಆಧಾರವನ್ನು ಶ್ರಾವ್ಯತೆಗಿಂತ ಹೆಚ್ಚಾಗಿ ವ್ಯತಿರೇಕದಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ.

ಶೊಪಾಂ ಭಾಷೆಯಿಂದಾಚೆಗೆ ಹೋದನೆಂಬ ಮಾತು ಅಷ್ಟರಮಟ್ಟಿಗೆ ಸರಿ. ಅವನು ಬಳಸಿದ ಬಿಡಿ ಸದ್ದುಗಳ ಮಟ್ಟಿಗೆ ಆ ಮಾತು ಸಲ್ಲದು: ನಾಲಗೆಯ ಲೊಚಗುಟ್ಟುವಿಕೆ ಫ್ರೆಂಚಿನಲ್ಲಿ ಧ್ವನಿಮಾ ಅಲ್ಲದಿದ್ದರೂ ದಕ್ಷಿಣ ಆಫ್ರಿಕಾದ ಷೋಸಾದಲ್ಲಿ ವ್ಯಂಜನವೇ. ಲಿಪ್ಯಂತರಕ್ಕೆ ತೊಡಗುವವರು ಸದ್ದುಗಳ ಪಟ್ಟಿಗಿಂತ ಮೊದಲು ಪದರಗಳ ಲೆಕ್ಕ ಇಡಬೇಕಾಗುತ್ತದೆ. 1964ರಿಂದ 1974ರವರೆಗೆ ಅವನು ನಡೆಸಿದ ‘ಊ’ ಪತ್ರಿಕೆ ಮುದ್ರಿತ ಪುಟಗಳ ಜೊತೆಗೆ ಧ್ವನಿಮುದ್ರಿಕೆಯನ್ನೂ ಓದುಗರಿಗೆ ಕಳಿಸುತ್ತಿತ್ತು.