ಡೋಣಿಯ ಹೂಳು, ತಾಳಿಕೋಟೆಯ ನೆರೆ

ಅಖಂಡ ವಿಜಾಪುರ ಜಿಲ್ಲೆಯನ್ನು ಪಂಚನದಿಗಳ ಬೀಡೆಂದು ಹೊಗಳುವ ವಾಡಿಕೆ ಉಂಟು. ಹೊಗಳಿದ ಬಾಯಲ್ಲೇ ಅದನ್ನು ಬರಗಾಲದ ಸೀಮೆಯೆಂದು ಮರುಗುವುದೂ ಉಂಟು. ಎರಡೂ ಸುಳ್ಳಲ್ಲ. ಇಂಡಿ, ಸಿಂದಗಿಗಳ ಕಡೆಗೆ ಭೀಮೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ತೆಂಕಣ ಮೇರೆಗೆ ಕೃಷ್ಣೆ. ಇವೆರಡರ ನಡುವೆ, ಭೂಪಟದಲ್ಲಿ ಕೂದಲೆಳೆಯಂತೆ ತೋರುವ ಡೋಣಿ. ಮಹಾಪೂರವೆಂದೊಡನೆ ವಾಚಕರ ನೆನಪಿಗೆ ಬರುವುವು ದೊಡ್ಡ ಹೊಳೆಗಳೇ: 2019ರ ಆಗಸ್ಟಿನ ಕೃಷ್ಣೆ, 2020ರ ಅಕ್ಟೋಬರಿನ ಭೀಮೆ. ಆದರೆ ಊರೊಂದನ್ನು ನೆರೆಯಿಂದ ಕಾಯುವ ಪ್ರಶ್ನೆ ನಿಜವಾಗಿ ತೊಡಕಾಗುವುದು ಆ ಸಣ್ಣ ಹೊಳೆಯ ದಂಡೆಯ ತಾಳಿಕೋಟೆಯಲ್ಲಿ.

ಬಹುಕಾಲ ಮುದ್ದೇಬಿಹಾಳಕ್ಕೆ ಸೇರಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ಈ ಪಟ್ಟಣವನ್ನು ನಾಡು ಬಲ್ಲುದು 1565ರ ಯುದ್ಧದ ಹೆಸರಿನಿಂದ. ಯುದ್ಧ ನಡೆದುದು ಇಲ್ಲಿಯೋ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿಯೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಊರಿನ ಬಳಿಯ ಹಡಗಿನಾಳದ ನೆಲಮಟ್ಟದ ಸೇತುವೆ ಮಳೆಗಾಲದಲ್ಲಿ ಮುಳುಗುವುದರ ಬಗೆಗೆ ಮಾತ್ರ ವಾದಕ್ಕೆ ಎಡೆಯಿಲ್ಲ.

ದೊಡ್ಡ ಹೊಳೆಗಳಿಗೆ ಒಂದು ಬಗೆಯ ದಾಕ್ಷಿಣ್ಯ ಉಂಟು. ಅವು ಹೇಳಿ ಬರುತ್ತವೆ. ಉಜನಿಯಿಂದ ಇಷ್ಟು ಕ್ಯೂಸೆಕ್ಸ್ ನೀರು ಬಿಟ್ಟರೆಂಬ ಸುದ್ದಿ ನೀರಿಗಿಂತ ಮೊದಲೇ ಭೀಮೆಯ ದಂಡೆಗೆ ಬಂದು ಮುಟ್ಟುತ್ತದೆ. ಆಲಮಟ್ಟಿಯ 26 ಬಾಗಿಲುಗಳು ತೆರೆಯುವ ಮುನ್ನ ಡಂಗುರವಾದರೂ ಕೇಳುತ್ತದೆ. ಡೋಣಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಬಾಗಿಲಿಲ್ಲ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾಯ್ದು, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುವ ಈ ಹೊಳೆ ಬೇಸಗೆಯಲ್ಲಿ ಬತ್ತಿ ಬಿದ್ದಿರುತ್ತದೆ. ಮೇಲೆ ಒಂದು ರಾತ್ರಿ ಮಳೆ ಬಡಿದರೆ ಸಾಕು, ಬೆಳಗಾಗುವುದರೊಳಗೆ ಹೊಲ ಯಾವುದು, ಹೊಳೆ ಯಾವುದು ಎಂಬ ಗುರುತೇ ಉಳಿಯದು. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಉತ್ತರ ಕರ್ನಾಟಕವೆಲ್ಲ ಹೀಗೆ ನೀರಿನ ಪಾಲಾಗಿತ್ತು.

ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ಈ ಕಡೆ ಮಕ್ಕಳಿಗೂ ಬರುತ್ತದೆ. ಆಳವಾದ ಎರೆಭೂಮಿ, ಹಿಂಗಾರಿಯ ಬಿಳಿಜೋಳ. ಕಣಿವೆಯ ಭಾಗ್ಯವೆಲ್ಲ ಆ ಮಣ್ಣಿನಲ್ಲಿದೆ. ಅದರ ಕೇಡೂ ಅಲ್ಲಿಯೇ ಇದೆ. ಒಡ್ಡಿಲ್ಲದ ಹೊಲದಿಂದ ಮಳೆಗೆ ಕರಗಿದ ಎರೆ ಹೊಳೆಗಿಳಿಯುತ್ತದೆ. ಇಳುಕಲು ಕಡಿಮೆಯಾದ ಪಾತ್ರದಲ್ಲಿ ಮುಂದೆ ಸಾಗಲಾರದೆ ಕೂರುತ್ತದೆ. ಕೂತ ಹೂಳಿನ ಮೇಲೆ ಜಾಲಿ ಬೆಳೆಯುತ್ತದೆ. ಜಾಲಿಯ ಬುಡಕ್ಕೆ ಮತ್ತಷ್ಟು ಹೂಳು ಸೇರುತ್ತದೆ. ಡೋಣಿಯೆಂದರೆ ದನಗಳಿಗೆ ನೀರು ಕುಡಿಸುವ ತೊಟ್ಟಿಯೂ ಹೌದು; ಸಂಸ್ಕೃತದ 'ದ್ರೋಣಿ'ಗೂ ತೊಟ್ಟಿ, ಕಣಿವೆ ಎಂಬ ಅರ್ಥಗಳಿವೆ. ಹೊಳೆಗೆ ಆ ಹೆಸರು ಹೇಗೆ ಬಂದಿತೆಂಬುದನ್ನು ನಿಘಂಟುಕಾರರಿಗೆ ಬಿಡೋಣ. ತೊಟ್ಟಿ ತುಂಬಿರುವುದು ಮಣ್ಣಿನಿಂದ ಎಂಬುದಂತೂ ಕಣ್ಣೆದುರಿಗಿದೆ.

ಊರಿಗೆ ತಡೆಗೋಡೆ ಕಟ್ಟಿಸಿರಿ ಎಂಬ ಬೇಡಿಕೆ ಇಂಥಲ್ಲೆಲ್ಲ ಸಹಜವಾಗಿ ಏಳುತ್ತದೆ. ನೀರು ಮನೆಯ ಹೊಸ್ತಿಲು ಮೆಟ್ಟಿದವರಿಗೆ ಗೋಡೆ ಬೇಡವೆನ್ನಲು ನಮಗೆ ಬಾಯಿಲ್ಲ. ಆದರೆ ಹೂಳು ಹೊರುವ ಹೊಳೆಗೆ ಗೋಡೆಯೊಂದನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ಚೀನದ ಹಳದಿ ನದಿ ಸಾಕ್ಷಿ. ಅಲ್ಲಿ ಶತಮಾನಗಳಿಂದ ದಂಡೆಗಳನ್ನು ಎತ್ತರಿಸುತ್ತ ಬಂದರು. ದಂಡೆಯೊಡನೆ ನದಿಯ ತಳವೂ ಏರುತ್ತ ಬಂದಿತು. ಇಂದು ಕೆಳಪಾತ್ರದ ಎಷ್ಟೋ ಕಡೆ ನದಿ ಸುತ್ತಣ ಬಯಲಿಗಿಂತ ಎತ್ತರದಲ್ಲಿ ಹರಿಯುತ್ತಿದೆ. ಅಲ್ಲದೆ ತಾಳಿಕೋಟೆಗೆ ಗೋಡೆ ಬಂದರೆ ಅಲ್ಲಿ ಹರಡಲಾರದ ನೀರು ಎದುರು ದಂಡೆಯ ಹೊಲಗಳಿಗೇ ನುಗ್ಗಬೇಕು. ಆ ಹೊಲದವನ ಒಪ್ಪಿಗೆಯನ್ನು ಕೇಳುವವರು ಯಾರು?

1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಹಸ್ರಾರು ಜನ ಮಡಿದಾಗ, ನಿಜಾಮ ಸರಕಾರ ಕರೆಸಿದ ವಿಶ್ವೇಶ್ವರಯ್ಯನವರು ನಗರದ ಗೋಡೆಗಿಂತ ಮೇಲ್ಗಡೆಯ ಜಲಾಶಯಗಳ ಮೇಲೆ ಭಾರ ಹಾಕಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಜನೆಯ ಫಲ. ನೆರೆ ತಡೆಯಲೆಂದು ಕಟ್ಟಿದ ಕೆರೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಡೋಣಿಗೂ ಅದನ್ನೇ ಮಾಡಬಾರದೆ ಎಂದು ವಾಚಕರು ಕೇಳಬಹುದು. ಡೋಣಿಯ ನೀರು ಉಪ್ಪು. ನಿಲ್ಲಿಸಿದರೆ ಕುಡಿಯಲು ಬಾರದು, ಎರೆಗೆ ಹಾಯಿಸಿದರೆ ಸವಳು. ಕಣಿವೆಯೋ ಹರವಾದುದು, ಮುಳುಗುವುದು ಜಿಲ್ಲೆಯ ಅತ್ಯುತ್ತಮ ಜೋಳದ ಭೂಮಿ. ಕೃಷ್ಣೆಯ ಎರಡು ಜಲಾಶಯಗಳಿಗಾಗಿ ಮನೆಮಠ ಕಳೆದುಕೊಂಡವರ ನಾಡಿನಲ್ಲಿ ಮತ್ತೊಂದು ಮುಳುಗಡೆಯ ಮಾತನ್ನು ಆಡುವುದು ಸುಲಭವಲ್ಲ. ಕೂಡಲಸಂಗಮದ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಉಳಿಸಲು ಅದರ ಸುತ್ತ ಬಾವಿಯಂಥ ಕಟ್ಟಡವನ್ನು ಎಬ್ಬಿಸಿದರು. ಒಂದು ಮಂಟಪಕ್ಕೆ ಅದು ಸಾಧ್ಯ. ಕಣಿವೆಯುದ್ದದ ಹಳ್ಳಿಗಳಿಗೆ ಅಲ್ಲ.

ಉಳಿಯುವುದು ಹೂಳೆತ್ತುವ ಕೆಲಸ. ಬೇಡಿಕೆ ಹಳೆಯದು, ನ್ಯಾಯವಾದುದು. ಆದರೂ ಇಷ್ಟನ್ನು ಕೂಡಿಸಬೇಕು: ಹೊಲದ ಮಣ್ಣು ಇಳಿಯುತ್ತಿರುವ ತನಕ ತೆಗೆದ ಹೂಳು ಮರಳಿ ಬರುತ್ತದೆ. ವಿಜಾಪುರದಲ್ಲಿ 1933ರ ಸುಮಾರಿಗೆ ಒಣಬೇಸಾಯದ ಸಂಶೋಧನೆ ಆರಂಭವಾದಂದಿನಿಂದ ಸಮಪಾತಳಿ ಒಡ್ಡಿನ ಪಾಠ ನಡೆದಿದೆ. ಅದನ್ನು ಬರದ ಮದ್ದೆಂದು ಕಲಿಸಿದರು, ನೀರನ್ನು ಹೊಲದಲ್ಲೇ ಇಂಗಿಸಲೆಂದು. ನೆರೆಗೂ ಅದೇ ಮದ್ದೆಂಬುದನ್ನು ಯಾರೂ ಒತ್ತಿ ಹೇಳಿದಂತಿಲ್ಲ. ಬಾಗೇವಾಡಿಯ ಹೊಲದಲ್ಲಿ ನಿಂತ ಮಣ್ಣು ತಾಳಿಕೋಟೆಯ ಸೇತುವೆಯ ಕೆಳಗೆ ಕೂರುವುದಿಲ್ಲ.

ಒಡ್ಡಿನ ಫಲ ಕಾಣಲು ವರ್ಷಗಳು ಬೇಕು. ಅಷ್ಟರೊಳಗೆ ಮೇಲಣ ಹಳ್ಳಿಗಳಲ್ಲಿ ಬಿದ್ದ ಮಳೆಯ ಲೆಕ್ಕ ಅದೇ ಹೊತ್ತಿಗೆ ಪಟ್ಟಣಕ್ಕೆ ಮುಟ್ಟುವ ಏರ್ಪಾಡಾದರೂ ಬೇಕು. ಅದಕ್ಕೆ ಒಂದು ಮಳೆಮಾಪಕ, ಒಂದು ದೂರವಾಣಿ, ನಿದ್ದೆಗೆಟ್ಟು ನೋಡುವ ಒಬ್ಬ ಮನುಷ್ಯ ಸಾಕು. ಇನ್ನು ಹೂಳಿನ ಮಾತು. ಹೊಳೆ ಒಣಗಿ ಯಂತ್ರ ಇಳಿಯಲು ಎಡೆ ಕೊಡುವುದು ಬೇಸಗೆಯ ಮೂರು ನಾಲ್ಕು ತಿಂಗಳು ಮಾತ್ರ. ಈ ಸೀಮೆಯ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ.