ವಿಭೂತಿ, ಮೂಗು, ಪ್ರತಿಭೆ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಗಾಳಿಯಿಂದ ವಿಭೂತಿ ತೆಗೆಯುವವರನ್ನು ಪರೀಕ್ಷೆಗೆ ಕರೆದದ್ದು ಸಣ್ಣ ಧೈರ್ಯವಲ್ಲ. ಆದರೆ ಹುಟ್ಟಿನಿಂದಲೇ ಒಬ್ಬ ಮೇಲು, ಒಬ್ಬ ಕೀಳು ಅನ್ನೋದಕ್ಕಿಂತ ದೊಡ್ಡ ಪವಾಡ ಈ ದೇಶದಲ್ಲಿ ಯಾವುದಿದೆ? ವಿಚಾರಗೋಷ್ಠಿಗಳಲ್ಲಿ ನಾನು ಇದನ್ನೆತ್ತಿದರೆ ‘ಅದು ರಾಜಕೀಯ, ಇಲ್ಲಿ ಬೇಡ’ ಅಂತಾರೆ.

ಅಂಬೇಡ್ಕರ್ ಹಾಗೆ ಬಿಡಲಿಲ್ಲ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಬ್ರಿಟಿಷ್ ಅಧಿಕಾರಿ ರಿಸ್ಲಿ 19ನೇ ಶತಮಾನದ ಕೊನೆಗೆ ಸಾರಿದ್ದ. ಅಸ್ಪೃಶ್ಯರು ಬೇರೆಯದೇ ಜನಾಂಗ ಎಂಬ ಮಾತಿಗೆ ವಿಜ್ಞಾನದ ಮೊಹರು ಬಿತ್ತು. 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಅಂಬೇಡ್ಕರ್ ಬೈಯುತ್ತಾ ಕೂರಲಿಲ್ಲ, ಸಮಾಜಶಾಸ್ತ್ರಜ್ಞ ಘುರ್ಯೆ ಕೊಟ್ಟಿದ್ದ ಮೂಗಿನ ಅಳತೆಗಳನ್ನೇ ಹರಡಿಟ್ಟರು. ಈ ಅಳತೆಶಾಸ್ತ್ರ ನಂಬಿಕೆಗೆ ಯೋಗ್ಯವಾದರೆ, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದರು. ಆ ‘ಆದರೆ’ಯನ್ನು ಗಮನಿಸಿ. ಎದುರಾಳಿಯ ಕೋಲಿನಿಂದಲೇ ಅಳೆದರು, ಕೋಲಿನ ಮೇಲೂ ಒಂದು ಕಣ್ಣಿಟ್ಟರು.

‘ಪ್ರತಿಭೆ’ಯನ್ನೂ ಹೀಗೇ ಹರಡಿಡಬೇಕು. ಮೀಸಲಾತಿಯಿಂದ ಪ್ರತಿಭೆ ಸಾಯುತ್ತೆ ಅಂತಾರಲ್ಲ, ಅದನ್ನು ಅಳೆದ ಕೋಲು ಯಾವುದು? ಅಂಕಪಟ್ಟಿಯೋ? ಹಾಗಾದರೆ ಟ್ಯೂಷನ್ನಿಗೆ ಸುರಿದ ದುಡ್ಡು, ಮನೆಯಲ್ಲಿ ಮೂರು ತಲೆಮಾರಿನಿಂದ ಇದ್ದ ಪುಸ್ತಕ, ಮಗು ಕೂಲಿಗೆ ಹೋಗದೆ ಓದಿದ ಗಂಟೆಗಳು, ಇವನ್ನೆಲ್ಲ ಕಳೆದು ಲೆಕ್ಕ ತೋರಿಸಿದವರು ಯಾರು?